ಕೊನೆಯ ಬೋಲ್ಟು ಬಿಗಿದವರು

"ಉಸಿರು ಪೂರ್ತಿ ಹೊರಗೆ ಬಿಡಪ್ಪ," ಎಂದಳು ಮಗಳು.

ಮೇಸ್ತ್ರಿ ಬಿಟ್ಟ. ಬಿಟ್ಟದ್ದೇ ತಡ, ಅವಳು ಭುಜದ ಎರಡೂ ಬೆಲ್ಟುಗಳನ್ನು ಒಟ್ಟಿಗೆ ಹಿಡಿದು ಕೆಳಕ್ಕೆ ಜಗ್ಗಿದಳು. ಬೆನ್ನು ಸೀಟಿಗೆ ಅಂಟಿಕೊಂಡಿತು, ಹೊಟ್ಟೆ ಮೇಲೊಂದು ಕೆಳಗೊಂದು ಭಾಗವಾಯಿತು. ಮೂವತ್ತು ವರ್ಷ ಜೋಪಾನವಾಗಿ ಬೆಳೆಸಿದ ಹೊಟ್ಟೆ ಅದು. ಇಂಥ ಬೆಲ್ಟುಗಳನ್ನು ಅವನೇ ಎಷ್ಟೋ ಕಾರುಗಳ ನೆಲಕ್ಕೆ ಬಿಗಿದು, ಎಳೆದು ತೋರಿಸಿ, "ಆನೆ ಕಟ್ಟಿದ್ರೂ ಕಿತ್ತು ಬರಲ್ಲ ಸರ್" ಎಂದು ಗಿರಾಕಿಗಳಿಗೆ ಭರವಸೆ ಕೊಟ್ಟಿದ್ದ. ಕಟ್ಟಿಸಿಕೊಂಡ ಆನೆಗೆ ಹೇಗನ್ನಿಸುತ್ತದೆ ಎಂಬುದು ಮಾತ್ರ ಅವನಿಗೆ ಇವತ್ತೇ ತಿಳಿದದ್ದು.

"ಇನ್ನೂ ಸ್ವಲ್ಪ ಉಸಿರು ಇಟ್ಕೊಂಡಿದ್ದೀಯ ನೀನು."

"ಇನ್ನು ಬಿಟ್ರೆ ಪ್ರಾಣಾನೇ ಬಿಡ್ಬೇಕು, ಸಾಕು ಬಿಡೇ ಪುಟ್ಟಿ."

ಅವಳು ನಕ್ಕು ಅವನ ಹೆಲ್ಮೆಟ್ಟಿನ ಪಟ್ಟಿಯನ್ನು ಗಲ್ಲದ ಕೆಳಗೆ ಸಿಕ್ಕಿಸಿದಳು. ಹೆಲ್ಮೆಟ್ಟು ಗ್ಯಾರೇಜಿನ ಜೊತೆಗಾರ ಗಡ್ಡನದು. ಒಳಗೆಲ್ಲ ಅವನ ಸಿಗರೇಟಿನ ವಾಸನೆ. ಆಮೇಲೆ ಆಚೆ ಬದಿಯಿಂದ ಬಂದು ಸ್ಟೀರಿಂಗಿನ ಹಿಂದೆ ತನ್ನನ್ನು ತಾನು ಕಟ್ಟಿಕೊಂಡಳು. ಅವಳಿಗೆ ಅದು ಸೆರಗು ಸಿಕ್ಕಿಸಿಕೊಂಡಷ್ಟು ಸಲೀಸಾಗಿತ್ತು.

"ನೋಡು, ಒಳಗೆ ಮಾತು ಸರಿಯಾಗಿ ಕೇಳಿಸಲ್ಲ. ಹೆದರಿಕೆ ಆದ್ರೆ ನನ್ನ ತೊಡೆ ಮೇಲೆ ಎರಡು ಸಲ ತಟ್ಟು. ತಕ್ಷಣ ಬ್ರೇಕ್ ಒತ್ತಿ ನಿಧಾನ ಮಾಡ್ತೀನಿ."

"ನಂಗ್ಯಾಕೆ ಹೆದರಿಕೆ?"

"ಹಾಗಾದ್ರೆ ಆ ಕಂಬಿ ಏನು ತಪ್ಪು ಮಾಡ್ತು?"

ಬಾಗಿಲ ಪಕ್ಕದ ಕಬ್ಬಿಣದ ಕಂಬಿಯನ್ನು ಅವನ ಎಡಗೈ ಕತ್ತು ಹಿಸುಕುವ ಹಾಗೆ ಹಿಡಿದುಕೊಂಡಿತ್ತು. ಬಿಡಬೇಕೆಂದುಕೊಂಡ. ಬಿಡಲಾಗಲಿಲ್ಲ.

ಈ ಫಜೀತಿಗೆಲ್ಲ ಮೂಲ ಅಕ್ಕನ ನಿಯಮ. ಅಕ್ಕ ಅಂದರೆ ಗ್ಯಾರೇಜಿನ ಯಜಮಾನಿ. ಅರವತ್ತು ದಾಟಿದವರು, ತಮ್ಮ ಕಾಲದಲ್ಲಿ ರೇಸಿಗಿಳಿದು ಎಡಗಾಲನ್ನು ಕೊಂಚ ಕುಂಟು ಮಾಡಿಕೊಂಡವರು. ಜಪಾನಿನ ವೇಗದ ಕಾರೊಂದನ್ನು ಇಟ್ಟುಕೊಂಡು, ವಾರವೆಲ್ಲ ಅದರಲ್ಲೇ ಕೆಲಸಕ್ಕೆ ಹೋಗಿ, ತಿಂಗಳಿಗೊಂದು ಭಾನುವಾರ ಅದನ್ನೇ ಟ್ರ್ಯಾಕಿಗಿಳಿಸುವ ಹುಚ್ಚರೆಲ್ಲ ಬರುತ್ತಿದ್ದದ್ದು ಅವರ ಶೆಡ್ಡಿಗೆ. ಟ್ರ್ಯಾಕಿಗೆ ಹೊರಟ ಕಾರಿನ ಕೊನೆಯ ಬೋಲ್ಟನ್ನು ಯಾರು ಬಿಗಿಯುತ್ತಾರೋ, ಮೊದಲ ಮೂರು ಸುತ್ತು ಅವರೇ ಡ್ರೈವರ್ ಪಕ್ಕ ಕೂರಬೇಕು. ಇದೇ ಅಕ್ಕನ ನಿಯಮ. "ಕೂರೋದು ನಾನೇ ಅಂತ ಗೊತ್ತಿದ್ರೆ ಕೈ ಇನ್ನೊಂದ್ಸಲ ನೋಡುತ್ತೆ," ಅನ್ನುತ್ತಿದ್ದರು.

ಹತ್ತೊಂಬತ್ತು ವರ್ಷಗಳಿಂದ ಮೇಸ್ತ್ರಿ ಈ ನಿಯಮದಿಂದ ನಾಜೂಕಾಗಿ ತಪ್ಪಿಸಿಕೊಂಡು ಬಂದಿದ್ದ. ಅವನು ಎಂಜಿನ್ನಿನವನು. ಎಂಜಿನ್ ಕೆಲಸ ಮೊದಲು ಮುಗಿಯುತ್ತದೆ. ಬ್ರೇಕು, ಚಕ್ರ ಗಡ್ಡನ ಪಾಲು, ಅದು ಕೊನೆಗೆ. ಹಾಗಾಗಿ ಕೊನೆಯ ಬೋಲ್ಟು ಯಾವಾಗಲೂ ಗಡ್ಡನದೇ. ಕೆಲಸ ಹಂಚುವಾಗಲೇ ಮೇಸ್ತ್ರಿ ಇದಕ್ಕೆ ವ್ಯವಸ್ಥೆ ಮಾಡಿಕೊಂಡಿದ್ದ ಎಂಬುದು ಬೇರೆ ಯಾರಿಗೂ ಗೊತ್ತಿಲ್ಲವೆಂದೇ ಅವನು ನಂಬಿದ್ದ. ಸತ್ತು ಬಿದ್ದ ಎಂಜಿನ್ನುಗಳಿಂದ ನಾನೂರು ಕುದುರೆಯ ಬಲ ಎಬ್ಬಿಸುವ ಈ ಮನುಷ್ಯ ತನ್ನ ಸ್ಕೂಟರನ್ನು ನಲವತ್ತರ ಮೇಲೆ ಓಡಿಸಿದವನಲ್ಲ. ಅವನಿಗೆ ವೇಗವೆಂದರೆ ಭಯ. ಅದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ, ಅವಳಿಗೆ ಮದುವೆಯಾದ ವಾರದಲ್ಲೇ ಗೊತ್ತಾಗಿತ್ತು.

ಮಗಳು ಓಡಿಸಲು ಶುರು ಮಾಡಿ ಆರು ವರ್ಷ. ಒಮ್ಮೆಯೂ ಅವನು ಅವಳು ಓಡಿಸುವುದನ್ನು ಕಣ್ಣಾರೆ ನೋಡಿರಲಿಲ್ಲ. ಅವಳು ಟ್ರ್ಯಾಕಿಗಿಳಿದ ಕೂಡಲೇ ಪಿಟ್ಟಿನಲ್ಲಿ, ಅಂದರೆ ಟ್ರ್ಯಾಕಿನ ಪಕ್ಕ ಕಾರು ನಿಲ್ಲಿಸಿ ರಿಪೇರಿ ಮಾಡುವ ಸಾಲಿನಲ್ಲಿ, ಯಾವುದಾದರೊಂದು ಕಾರಿನ ಬಾನೆಟ್ಟಿನೊಳಗೆ ತಲೆ ತೂರಿಸಿ, ಏನೂ ಆಗದ ಪೈಪೊಂದನ್ನು ಒರೆಸುತ್ತ ನಿಲ್ಲುತ್ತಿದ್ದ. ಬೆನ್ನ ಹಿಂದೆ ಆ ಸದ್ದು ಹಾದುಹೋದಾಗ ಒಂದರಿಂದ ಎಣಿಸಲು ಶುರು ಮಾಡುತ್ತಿದ್ದ. ನೂರಾ ಎರಡು, ನೂರಾ ಮೂರು. ಮತ್ತೆ ಸದ್ದು ಬಂದಾಗ ಉಸಿರು ಬಿಡುತ್ತಿದ್ದ. ಮಗಳ ಬಗ್ಗೆ ಅವನಿಗೆ ಗೊತ್ತಿದ್ದದ್ದು ಇಷ್ಟು: ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ, ಸಂಬಳವೆಲ್ಲ ಈ ಕಾರಿಗೆ, ಮತ್ತು ಕಾಲು ಸ್ವಲ್ಪ ಭಾರ. ಚಿಕ್ಕವಳಿದ್ದಾಗ ಹೊಲಿಗೆ ಯಂತ್ರದ ಪೆಡಲನ್ನೇ ತುಳಿದು ಮುರಿದವಳು.

ಕಾರಿನ ಹೆಸರು ಕೊಕ್ಕರೆ. ಹೆಸರಿಟ್ಟವಳು ಅವಳೇ. ಇಪ್ಪತ್ತೇಳು ವರ್ಷ ಹಳೆಯ, ಎರಡು ಬಾಗಿಲ, ಬಿಳಿ ಬಣ್ಣದ ಜಪಾನಿ ಕಾರು. ಉದ್ದ ಮೂತಿ, ಅದರೊಳಗೆ ಸಾಲಾಗಿ ಆರು ಸಿಲಿಂಡರು. ಅವಳು ತಂದಾಗ ನೆಲ ತುಕ್ಕು ಹಿಡಿದು, ಸೀಟಿನ ಕೆಳಗಿಂದ ರಸ್ತೆ ಕಾಣುತ್ತಿತ್ತು. ಆ ಎಂಜಿನ್ನನ್ನು ಮೇಸ್ತ್ರಿ ಒಂದು ವರ್ಷ ಬಿಚ್ಚಿಟ್ಟುಕೊಂಡಿದ್ದ. ಪಿಸ್ಟನ್ನುಗಳನ್ನು ಒಂದೊಂದಾಗಿ ತಕ್ಕಡಿಯಲ್ಲಿಟ್ಟು ತೂಗಿ, ಭಾರ ಹೆಚ್ಚಿದ್ದನ್ನು ಒಳಗಿನಿಂದ ಕೂದಲೆಳೆಯಷ್ಟು ಕೆರೆದು, ಆರೂ ಸಮ ತೂಗುವಂತೆ ಮಾಡಿದ್ದ. ಎಂಜಿನ್ನಿಗೆ ಗಾಳಿ ತುಂಬುವ ಹಳೆಯ ಟರ್ಬೊ ತೆಗೆದು ದೊಡ್ಡದನ್ನು ಹಾಕಿದ್ದ. ಅದು ಜೀವ ಹಿಡಿದ ದಿನ ಅಕ್ಕ ಶೆಡ್ಡಿನ ಬಾಗಿಲಲ್ಲಿ ನಿಂತು ಕೇಳಿ, ಹೋಗಿ ಎಲ್ಲರಿಗೂ ಟೀ ತರಿಸಿದ್ದರು. ಅಕ್ಕನ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ.

ಗುರುವಾರ ಗಡ್ಡ ಗೇರ್‌ಬಾಕ್ಸ್ ಎತ್ತುವಾಗ ಬೆನ್ನು ಉಳುಕಿಸಿಕೊಂಡ. ಡಾಕ್ಟರು ಹಲಗೆಯ ಮೇಲೆ ಮಲಗಿಸಿದರು. ಕೊಕ್ಕರೆಯ ಮುಂದಿನ ಬ್ರೇಕಿಗೆ ಹೊಸ ಡಿಸ್ಕು ಹಾಕುವುದು ಬಾಕಿಯಿತ್ತು. ಡಿಸ್ಕು ಅಂದರೆ ಚಕ್ರದ ಜೊತೆ ತಿರುಗುವ ಕಬ್ಬಿಣದ ತಟ್ಟೆ. ಅದನ್ನು ಎರಡು ಬದಿಯಿಂದ ಕಚ್ಚಿ ಹಿಡಿಯುವ ಕ್ಯಾಲಿಪರನ್ನು ಎರಡು ದಪ್ಪ ಬೋಲ್ಟುಗಳು ಹಿಡಿದುಕೊಂಡಿರುತ್ತವೆ. ಗಡ್ಡ ಮಲಗಿದಲ್ಲಿಂದಲೇ ಫೋನು ಮಾಡಿ ನಕ್ಕಿದ್ದ. "ಮೇಸ್ತ್ರಿ, ಹತ್ತೊಂಬತ್ತು ವರ್ಷ ನನ್ನ ಬೆನ್ನ ಹಿಂದೆ ಬಚ್ಚಿಟ್ಕೊಂಡಿದ್ದೆ. ಈಗ ಬೆನ್ನೇ ಹೋಯ್ತು ನೋಡು. ಹೋಗಿ ಕೂತ್ಕೋ." ಗಡ್ಡನಿಗೆ ಎಲ್ಲ ಗೊತ್ತಿತ್ತು ಎಂದು ಮೇಸ್ತ್ರಿಗೆ ಆಗ ಅರಿವಾಯಿತು.

ಹಾಗಾಗಿ ಶನಿವಾರ ಆ ಕೆಲಸ ಮೇಸ್ತ್ರಿಯದೇ ಆಯಿತು. ಎಡಗಡೆಯ ಎರಡು ಬೋಲ್ಟು ಮುಗಿಸಿ ಬಲಗಡೆಗೆ ಬಂದಿದ್ದ. ಅಷ್ಟರಲ್ಲಿ ಅಕ್ಕ, "ಮೇಸ್ತ್ರೀ, ಆ ಆರನೇ ಪ್ಲಗ್ ಒಂದ್ಸಲ ನೋಡಿಬಿಡಿ, ಯಾಕೋ ಮನಸ್ಸು ಒಪ್ತಿಲ್ಲ," ಎಂದು ಕರೆದರು. ಎದ್ದು ಹೋಗಿ ಎಂಜಿನ್ನಿನ ಆ ಪ್ಲಗ್ ಬಿಚ್ಚಿ ನೋಡಿ, ಮತ್ತೆ ಹಾಕಿ ಬಿಗಿದು, ಬಂದು ಬಲಗಡೆಯ ಎರಡನ್ನೂ ಬಿಗಿದ. ಬಿಗಿದ ಪ್ರತಿ ಬೋಲ್ಟಿನ ತಲೆಯಿಂದ ಪಕ್ಕದ ಲೋಹದವರೆಗೆ ಹಳದಿ ಬಣ್ಣದಲ್ಲಿ ಒಂದು ಗೆರೆ ಎಳೆಯುವುದು ಶೆಡ್ಡಿನ ಕ್ರಮ. ಬೋಲ್ಟು ಸಡಿಲಾದರೆ ಗೆರೆ ಮುರಿದು ಗೊತ್ತಾಗುತ್ತದೆ. ಗೆರೆ ಎಳೆದ. ಉಪಕರಣಗಳನ್ನು ಪೆಟ್ಟಿಗೆಗಿಟ್ಟ. ಕೈ ಅಷ್ಟನ್ನೂ ಮಾಡುವಾಗ ತಲೆ ಮಾತ್ರ ಭಾನುವಾರದಲ್ಲಿತ್ತು, ಈ ಸೀಟಿನಲ್ಲಿ, ಈ ಬೆಲ್ಟುಗಳ ಒಳಗೆ.

ಪಿಟ್ಟಿನ ಕೊನೆಯಲ್ಲಿ ಹಸಿರು ದೀಪ ಹತ್ತಿತು. ಮಗಳು ಗೇರು ಹಾಕಿದಳು.

ಮೊದಲ ಸುತ್ತು ನಿಧಾನದ್ದು. ಟೈರು, ಎಣ್ಣೆ, ಬ್ರೇಕು ಬಿಸಿಯಾಗಲೆಂದು. ನಿಧಾನ ಅಂದರೆ ಮೇಸ್ತ್ರಿಯ ಸ್ಕೂಟರಿನ ಮೂರರಷ್ಟು. ಅವನು ಕಣ್ಣು ಮುಚ್ಚಿಕೊಂಡೇ ಆ ಸುತ್ತನ್ನು ಮುಗಿಸಿದ. ಮಗಳು ಒಮ್ಮೆ ತಿರುಗಿ ನೋಡಿದಳು, ಪಾಪ ಅನ್ನಿಸಿರಬೇಕು.

ಎರಡನೇ ಸುತ್ತು ಶುರುವಾಗುವ ನೇರ ದಾರಿಯಲ್ಲಿ ಅವಳು ಪೆಡಲನ್ನು ನೆಲಕ್ಕೆ ಒತ್ತಿದಳು. ಮೇಸ್ತ್ರಿಯ ಕಣ್ಣು ತಾನಾಗಿ ತೆರೆಯಿತು. ತೆರೆಸಿದ್ದು ಭಯವಲ್ಲ, ಸದ್ದು. ಶೆಡ್ಡಿನಲ್ಲಿ ಅವನು ಆ ಎಂಜಿನ್ನನ್ನು ಸಾವಿರ ಸಲ ಕೇಳಿದ್ದ, ಕಟ್ಟಿಹಾಕಿದ್ದಾಗ. ಪಿಟ್ಟಿನಲ್ಲಿ ಕೇಳಿದ್ದ, ದೂರದಿಂದ, ಬೆನ್ನು ತಿರುಗಿಸಿ. ಅದು ಮೈಮುರಿದು ಎದ್ದು ಓಡುವಾಗ ಒಳಗೆ ಕೂತು ಕೇಳಿದ್ದು ಇದೇ ಮೊದಲು. ಎಂಜಿನ್ನಿನ ಸುತ್ತು ತೋರಿಸುವ ಮುಳ್ಳು ನಾಲ್ಕು ಸಾವಿರ ದಾಟಿದಾಗ ಟರ್ಬೊ ಉಸಿರೆಳೆದುಕೊಂಡಿತು. ಐದು ಸಾವಿರಕ್ಕೆ ಆರು ಸಿಲಿಂಡರುಗಳ ಆರು ಸದ್ದು ಒಂದಾಯಿತು. ಏಳಕ್ಕೆ ಅದು ಸದ್ದಾಗಿ ಉಳಿಯಲೇ ಇಲ್ಲ. ಬೆನ್ನುಮೂಳೆಯಲ್ಲಿ, ಹಲ್ಲಿನ ಬುಡದಲ್ಲಿ, ಎದೆಯ ಗೂಡಿನಲ್ಲಿ ಒಂದೇ ಸ್ವರ ನಿಂತಿತ್ತು. ತಕ್ಕಡಿಯ ಮುಂದೆ ಕೂತು ಕೆರೆದ ಆ ಕೂದಲೆಳೆಯಷ್ಟು ಲೋಹ ಎಲ್ಲಿಗೆ ಹೋಗಿತ್ತೆಂದು ಈಗ ತಿಳಿಯಿತು. ಇದನ್ನು ನಾನು ಮಾಡಿದೆನೇ, ಈ ಎರಡು ಕೈಯಿಂದ? ಅವನ ಕಣ್ಣು ತುಂಬಿ ಬಂತು. ಒರೆಸಿಕೊಳ್ಳೋಣವೆಂದರೆ ಹೆಲ್ಮೆಟ್ಟು ಅಡ್ಡ.

ಆಮೇಲೆ ಮಗಳನ್ನು ನೋಡಿದ. ಕಾಲು ಭಾರದವಳು ಅಂದುಕೊಂಡಿದ್ದ. ಅವಳು ಸ್ಟೀರಿಂಗನ್ನು ಹಿಡಿದೇ ಇಲ್ಲವೇನೋ ಅನ್ನುವಷ್ಟು ಹಗುರವಾಗಿ ಹಿಡಿದಿದ್ದಳು. ಕಣ್ಣು ಕಾರಿನ ಮುಂದಿರಲಿಲ್ಲ, ಮುಂದಿನ ತಿರುವಿನ ಆಚೆಗಿತ್ತು. ತಿರುವಿಗೆ ಮೊದಲು ಬ್ರೇಕು, ಅವನ ಮೈಯೆಲ್ಲ ಬೆಲ್ಟಿಗೆ ಜೋತುಬೀಳುವಷ್ಟು. ಅದರ ನಡುವೆಯೇ ಹಿಮ್ಮಡಿಯಿಂದ ಎಂಜಿನ್ನಿನ ಪೆಡಲಿಗೊಂದು ತಟ್ಟು ಕೊಟ್ಟು ಗೇರು ಇಳಿಸುವುದು, ಮತ್ತೆ ಬ್ರೇಕನ್ನು ಎಳೆ ಬಿಟ್ಟ ಹಾಗೆ ಬಿಡುತ್ತ ತಿರುವಿನೊಳಗೆ ಜಾರುವುದು. ಎಲ್ಲೂ ಟೈರಿನ ಒಂದು ಕಿರುಚು ಇಲ್ಲ, ಒಂದು ಜರ್ಕು ಇಲ್ಲ. ಕನ್ನಡಕದ ಗಾಜನ್ನು ಇವಳು ಹೀಗೇ ಉಜ್ಜುತ್ತಿರಬೇಕು ಅನ್ನಿಸಿತು. ನೂರಾ ಎರಡು, ನೂರಾ ಮೂರು ಎಂದು ಎಣಿಸುತ್ತ ಬಾನೆಟ್ಟಿನೊಳಗೆ ತಲೆ ತೂರಿಸಿ ನಿಂತ ಆರು ವರ್ಷದಲ್ಲಿ ಏನನ್ನು ಕಳೆದುಕೊಂಡೆ ಎಂದು ಮೇಸ್ತ್ರಿಗೆ ಅರಿವಾಯಿತು. ಕಂಬಿಯ ಮೇಲಿನ ಕೈ ಯಾವಾಗ ಸಡಿಲಿತೋ ಅವನಿಗೇ ಗೊತ್ತಿಲ್ಲ.

ಕೊನೆಯ ತಿರುವಿಗೆ ಮುನ್ನ ಅವಳು ಬ್ರೇಕು ಒತ್ತಿದಾಗ ನೆಲದಡಿಯಿಂದ ಒಂದು ಸಣ್ಣ ಸದ್ದು ಬಂತು. ಟಕ್.

ಬಲಗಡೆಯಿಂದ. ಮಗಳಿಗೆ ಅದು ಕೇಳಿಸಿದ ಹಾಗೆ ಕಾಣಲಿಲ್ಲ. ತಿರುವು ಮುಗಿಸಿ ಮತ್ತೆ ನೇರ ದಾರಿಗೆ ಬಿದ್ದಳು, ಮೂರನೇ ಗೇರು, ನಾಲ್ಕನೇ ಗೇರು, ಐದನೇ ಗೇರು. ಆದರೆ ಆ ಟಕ್ ಮೇಸ್ತ್ರಿಯ ಕಿವಿಯಲ್ಲಿ ಉಳಿಯಿತು. ಅವನ ಟಾರ್ಕ್ ರೆಂಚೂ ಹಾಗೇ ಅನ್ನುತ್ತದೆ. ಹಿಡಿ ತಿರುಗಿಸಿ ಎಷ್ಟು ಬಿಗಿ ಬೇಕೆಂದು ಇಟ್ಟರೆ, ಅಷ್ಟು ಬಿಗಿಯಾದ ತಕ್ಷಣ ಟಕ್ ಎಂದು ಹೇಳುತ್ತದೆ. ಪ್ಲಗ್ಗಿಗೆ ಇಪ್ಪತ್ತೈದು. ಬ್ರೇಕಿನ ಬೋಲ್ಟಿಗೆ ನೂರಾ ಐದು. ಕೆಲಸ ಮುಗಿದ ಮೇಲೆ ಒಳಗಿನ ಸ್ಪ್ರಿಂಗು ದಣಿಯದಿರಲೆಂದು ಹಿಡಿಯನ್ನು ಹಿಂದಕ್ಕೆ ತಿರುಗಿಸಿ ತಳದ ಗೆರೆಗೆ, ಹದಿನೈದಕ್ಕೆ, ತಂದು ಪೆಟ್ಟಿಗೆಯಲ್ಲಿಡಬೇಕು. ಒಂದು ಸುತ್ತಿಗೆ ಹತ್ತು ಇಳಿಯುತ್ತದೆ. ನೂರಾ ಐದರಿಂದ ಇಳಿಸಲು ಒಂಬತ್ತು ಸುತ್ತು ಬೇಕು.

ನಿನ್ನೆ ಒಂದೇ ಸುತ್ತಿಗೆ ತಳ ಸಿಕ್ಕಿತ್ತು.

ಅವನ ಅಂಗೈಗೆ ಅದು ಚೆನ್ನಾಗಿ ನೆನಪಿತ್ತು. ಹಿಡಿ ಒಂದು ಸಲ ತಿರುಗಿ ನಿಂತಿತ್ತು. ಇಷ್ಟು ಬೇಗ ಆಯಿತೇ ಎಂದು ಕೈ ಕೇಳಿತ್ತು, ತಲೆ ಉತ್ತರ ಕೊಟ್ಟಿರಲಿಲ್ಲ. ಅಂದರೆ ಪ್ಲಗ್ಗಿಗೆಂದು ಇಪ್ಪತ್ತೈದಕ್ಕೆ ಇಳಿಸಿದ ರೆಂಚನ್ನು ಅವನು ಮತ್ತೆ ಏರಿಸಿಯೇ ಇಲ್ಲ. ಬಲಗಡೆಯ ಎರಡು ಬೋಲ್ಟುಗಳು ಪ್ಲಗ್ಗಿನಷ್ಟು ಬಿಗಿಯಲ್ಲಿ ಕೂತಿವೆ. ರೆಂಚು ಪ್ರಾಮಾಣಿಕವಾಗಿ ಟಕ್ ಎಂದಿದೆ, ಅವನು ಪ್ರಾಮಾಣಿಕವಾಗಿ ಹಳದಿ ಗೆರೆ ಎಳೆದಿದ್ದಾನೆ. ಮಗಳ ಕಡೆಯ ಚಕ್ರ ಅದು.

ಈ ನೇರ ದಾರಿಯ ತುದಿಯಲ್ಲಿ ಇಡೀ ಟ್ರ್ಯಾಕಿನ ಅತಿ ದೊಡ್ಡ ಬ್ರೇಕು. ಇನ್ನೂರರಿಂದ ಎಂಬತ್ತಕ್ಕೆ.

ಕೈ ಅವಳ ತೊಡೆಯತ್ತ ಹೋಗಿ ಅರ್ಧಕ್ಕೇ ನಿಂತಿತು. ತಟ್ಟಿದರೆ ಅವಳು ಬ್ರೇಕು ಒತ್ತುತ್ತಾಳೆ. ಅವಳೇ ಹೇಳಿಕೊಟ್ಟ ಗುರುತು ಅದು. ಅಷ್ಟರಲ್ಲಿ ಇನ್ನೊಂದು ಯೋಚನೆ ಬಂತು, ಅದು ಇನ್ನೂ ಕೆಟ್ಟದ್ದು. ಇದು ನಿಜವೋ ಅಥವಾ ನನ್ನ ಹೆದರಿಕೆ ಕಟ್ಟಿದ ಕತೆಯೋ? ಹತ್ತೊಂಬತ್ತು ವರ್ಷ ನೆಪ ಹುಡುಕಿದ ಮನುಷ್ಯನಿಗೆ ಎರಡನೇ ಸುತ್ತಿನಲ್ಲಿ ಒಂದು ಒಳ್ಳೆಯ ನೆಪ ಹೊಳೆಯುವುದರಲ್ಲಿ ಆಶ್ಚರ್ಯವೇನಿದೆ? ಸಾಲು ಪಿಟ್ಟುಗಳ ಮುಂದೆ ನಿಲ್ಲಿಸಿ, ಚಕ್ರ ಬಿಚ್ಚಿ, ಬೋಲ್ಟು ಗಟ್ಟಿಯಾಗಿದ್ದರೆ ಮೇಸ್ತ್ರಿ ಬಾಲ ಮುದುರಿಕೊಂಡ ಎಂದು ಸಾಯುವ ತನಕ ಆಡಿಕೊಳ್ಳುತ್ತಾರೆ. ಬೋಲ್ಟು ಸಡಿಲಾಗಿದ್ದರೆ ಅವನ ಕೈಯನ್ನು ಇನ್ನು ಯಾರು ನಂಬುತ್ತಾರೆ? ಎರಡು ಕಡೆಯಿಂದಲೂ ಮರ್ಯಾದೆ ಹೋಗುವುದೇ. ಹೇಳಲು ಇಷ್ಟು ಹೊತ್ತಾಯಿತು. ಆಗ ಹಿಡಿದದ್ದು ಮೂರು ಸೆಕೆಂಡು. ಅಷ್ಟರಲ್ಲಿ ಅವನು ಮಗಳ ಕೈಯನ್ನು ನೋಡಿದ. ಸ್ಟೀರಿಂಗಿನ ಮೇಲೆ ಅಷ್ಟು ನಿಶ್ಚಿಂತೆಯಿಂದ ಕೂತಿತ್ತು ಅದು.

"ಬ್ರೇಕ್ ಮುಟ್ಟಬೇಡ!" ಎಂದು ಕಿರುಚಿದ. "ಪುಟ್ಟೀ, ಬ್ರೇಕ್ ಬೇಡ! ನಿನ್ನ ಕಡೆ ಬೋಲ್ಟು ನಾನು ಬಿಗಿದಿಲ್ಲ!"

ಅವಳು ತಿರುಗಿ ನೋಡಲಿಲ್ಲ. ಏನು ಅನ್ನಲಿಲ್ಲ, ಯಾಕೆ ಅನ್ನಲಿಲ್ಲ. ಬಲಗಾಲನ್ನು ಪೆಡಲಿನಿಂದ ಎತ್ತಿದಳು ಅಷ್ಟೆ.

ಆಮೇಲಿನದನ್ನು ಮೇಸ್ತ್ರಿ ಎಷ್ಟೋ ದಿನ ಮನಸ್ಸಿನಲ್ಲಿ ಬಿಚ್ಚಿ ಮತ್ತೆ ಜೋಡಿಸಿ ನೋಡಿದ್ದಾನೆ. ಅವಳು ಅವಸರ ಮಾಡಲಿಲ್ಲ. ಐದನೇ ಗೇರಿನಿಂದ ನಾಲ್ಕು. ಎಂಜಿನ್ ಗದ್ದರಿಸಿತು, ಕಾರು ಮೂಗುದಾರ ಎಳೆದ ಹಾಗೆ ತಡೆಯಿತು. ಅವಳು ಕಾದಳು. ಮುಳ್ಳು ಇಳಿಯಲಿ ಎಂದು, ಎಂಜಿನ್ನಿಗೆ ನೋವಾಗದಿರಲಿ ಎಂದು, ಆ ಹೊತ್ತಿನಲ್ಲೂ ಕಾದಳು. ನಾಲ್ಕರಿಂದ ಮೂರು. ಅವನು ತೂಗಿ ತೂಗಿ ಸಮ ಮಾಡಿದ ಆರು ಪಿಸ್ಟನ್ನುಗಳು ಈಗ ಓಡಿಸುವುದನ್ನು ಬಿಟ್ಟು ತಡೆಯುತ್ತಿದ್ದವು. ಬ್ರೇಕು ಹಾಕುವ ಜಾಗದ ಹಲಗೆ ಹಿಂದೆ ಹೋಯಿತು. ತಿರುವು ಎದುರಿಗೇ ಬಂತು. ಅವಳು ತಿರುಗಿಸಲಿಲ್ಲ. ತಿರುವು ತಪ್ಪಿದವರಿಗೆಂದು ನೇರಕ್ಕೆ ಬಿಟ್ಟಿದ್ದ ಅಗಲವಾದ ಬಯಲಿಗೆ ಕಾರನ್ನು ಬಿಟ್ಟು, ಮೂರರಿಂದ ಎರಡಕ್ಕೆ ಇಳಿಸಿ, ಹಿಂದಿನ ಚಕ್ರಗಳ ಕೈಬ್ರೇಕನ್ನು ಹಲ್ಲು ಹಲ್ಲಾಗಿ ಎಳೆದಳು. ಬಯಲಿನ ಕೊನೆಯ ಟೈರು ಗೋಡೆಗೆ ಇನ್ನೂ ಹತ್ತು ಮಾರು ಇರುವಾಗ ಕೊಕ್ಕರೆ ನಿಂತಿತು.

ಎಂಜಿನ್ ಸಣ್ಣಗೆ ಗುನುಗುತ್ತಿತ್ತು.

"ಬಲಗಡೆದಾ?" ಎಂದಳು.

"ಬಲಗಡೆದು. ಎರಡೂ."

ಅವಳು ಹಿಂದಿನವರಿಗೆ ಕಾಣಲೆಂದು ಕಿಟಕಿಯಿಂದ ಕೈ ಹೊರಗೆ ಚಾಚಿ ಎತ್ತಿ ಹಿಡಿದು, ಕಾರನ್ನು ನಡೆಯುವ ವೇಗದಲ್ಲಿ ಟ್ರ್ಯಾಕಿನ ಅಂಚಿನಲ್ಲೇ ಪಿಟ್ಟಿಗೆ ತಂದಳು.

ಅಲ್ಲಿ ಆಗಲೇ ನಾಲ್ಕು ಜನ ಸೇರಿದ್ದರು. ಪಕ್ಕದ ಪಿಟ್ಟಿನ ಕೆಂಪು ಟೋಪಿಯವನಿಗೆ ಬಾಯಿ ಸುಮ್ಮನಿರದು. "ಏನ್ ಮೇಸ್ತ್ರಿ, ಎರಡೇ ಸುತ್ತಿಗೆ ಸಾಕಾಯ್ತಾ? ಸೀಟು ಒದ್ದೆ ಗಿದ್ದೆ ಆಗಿದ್ಯಾ ನೋಡ್ಕೊಳಿ!" ಎಲ್ಲರೂ ನಕ್ಕರು. ಮೇಸ್ತ್ರಿ ಹೆಲ್ಮೆಟ್ಟು ಕಳಚಿ, ಜಾಕು ತಂದು, ಬಲಗಡೆಯ ಚಕ್ರ ಬಿಚ್ಚಿದ. ಬೋಲ್ಟು ಗಟ್ಟಿಯಾಗಿರಲಿ, ಎಲ್ಲರೂ ನಗಲಿ, ಜನ್ಮವೆಲ್ಲ ನಗಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡ.

ಮೇಲಿನ ಬೋಲ್ಟಿನ ಹಳದಿ ಗೆರೆ ಮುರಿದಿತ್ತು. ತಲೆಯ ಮೇಲಿನ ತುಂಡು ಒಂದು ಕಡೆ, ಲೋಹದ ಮೇಲಿನ ತುಂಡು ಇನ್ನೊಂದು ಕಡೆ, ನಡುವೆ ಒಂದು ಬೆರಳು ಅಂತರ. ಕೆಳಗಿನ ಬೋಲ್ಟು ಅರ್ಧ ಹೊರಗೆ ಬಂದು ನಿಂತಿತ್ತು. ಕೈಗೆ ಬಟ್ಟೆ ಸುತ್ತಿಕೊಂಡು ಹಿಡಿದ. ಎರಡು ಬೆರಳಿಗೇ ಅದು ತಿರುಗಿತು.

ಯಾರೂ ನಗಲಿಲ್ಲ. ಕೆಂಪು ಟೋಪಿಯವನು ತನ್ನ ಟಾರ್ಚು ತಂದು ಮೇಸ್ತ್ರಿಗೆ ಬೆಳಕಾಗುವ ಹಾಗೆ ಹಿಡಿದು ಕೂತ.

ಅಕ್ಕ ಕುಂಟುತ್ತ ಬಂದು ಬಗ್ಗಿ ನೋಡಿದರು. ಯಾರು ಬಿಗಿದದ್ದು ಎಂದು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು ಅನ್ನಿಸಿತು ಮೇಸ್ತ್ರಿಗೆ.

"ನಾನೇ ಅಕ್ಕ. ಪ್ಲಗ್ಗಿಗೆ ಅಂತ ಇಳಿಸಿದ ರೆಂಚು, ಹಾಗೇ ತಂದು ಹಾಕ್ದೆ. ಟಕ್ ಅಂತು. ಗೆರೆ ಎಳ್ದೆ."

"ಮಧ್ಯದಲ್ಲಿ ಕರೆದದ್ದು ನಾನು."

"ಕರೆದ್ರೆ ಏನಂತೆ? ರೆಂಚು ನನ್ನ ಕೈಲಿತ್ತು." ಅವನು ಬಟ್ಟೆಯಿಂದ ಕೈ ಒರೆಸಿಕೊಂಡ. "ಪಕ್ಕದ ಪಿಟ್ಟಿನವರ ಕೈಲಿ ಬಿಗಿಸಿ. ನಾನು ಇನ್ನು ಇದನ್ನ ಮುಟ್ಟಲ್ಲ."

ಅಕ್ಕ ಮಗಳ ಕಡೆ ನೋಡಿದರು. ಕಾರು ಅವಳದು, ಜೀವವೂ ಅವಳದು. ಅವಳು ಉಪಕರಣದ ಪೆಟ್ಟಿಗೆ ತೆರೆದು ಟಾರ್ಕ್ ರೆಂಚು ತೆಗೆದಳು.

"ಯಾಕೆ? ಅವರೇನು ನನ್ನ ಜೊತೆ ಕೂರ್ತಾರಾ?" ಎಂದು ಅಪ್ಪನ ಕಡೆಗೆ ಚಾಚಿದಳು.

ಕೆಂಪು ಟೋಪಿಯವನು ಕೆಮ್ಮಿದ. ಮೇಸ್ತ್ರಿ ರೆಂಚು ತೆಗೆದುಕೊಂಡ. ಹಳೆಯ ಬೋಲ್ಟುಗಳನ್ನು ಮತ್ತೆ ಹಾಕಲಿಲ್ಲ, ಅಕ್ಕನ ಬಿಡಿಭಾಗದ ಡಬ್ಬಿಯಿಂದ ಎರಡು ಹೊಸದನ್ನು ಆರಿಸಿದ. ತೂತುಗಳ ಒಳಗಿನ ತಿರುಪಿನ ಮರೆ ಸವೆದಿದೆಯೇ ಎಂದು ಬೆರಳು ತೂರಿಸಿ ನೋಡಿದ. ಡಿಸ್ಕಿನ ಮೇಲೆ ಗೀರಿಲ್ಲ. ರೆಂಚಿನ ಹಿಡಿಯನ್ನು ತಿರುಗಿಸುತ್ತ ಮಗ್ಗಿ ಒಪ್ಪಿಸುವ ಮಗುವಿನ ಹಾಗೆ ಗಟ್ಟಿಯಾಗಿ ಎಣಿಸಿದ. "ಒಂದು. ಎರಡು. ಮೂರು." ಒಂಬತ್ತಕ್ಕೆ ನೂರಾ ಐದು ಬಂತು. "ಪುಟ್ಟಿ, ಬಂದು ನೋಡ್ಕೋ," ಎಂದು ಕರೆದ.

ಅವಳು ಬರಲಿಲ್ಲ. ಪಿಟ್ಟಿನ ಗೋಡೆಯ ಕಡೆ ಮುಖ ಮಾಡಿ, ಅವನಿಗೆ ಬೆನ್ನು ಹಾಕಿ ನಿಂತು ನೀರು ಕುಡಿಯುತ್ತಿದ್ದಳು. "ನೀನು ನೋಡ್ತಿದ್ದೀಯಲ್ಲ," ಎಂದಳು. ಬಾಟಲಿ ಹಿಡಿದ ಕೈ ಅದುರಿ ನೀರು ಗಲ್ಲದಿಂದ ಕತ್ತಿಗೆ ಇಳಿಯುತ್ತಿತ್ತು. ಮೇಸ್ತ್ರಿ ಅದನ್ನು ಕಂಡ. ಹೆದರಿದವಳು, ಹೆದರಿಯೂ ತಿರುಗಿ ನೋಡದವಳು. ಇಂಥವಳನ್ನು ತಾನು ಸಾಕಿದೆನೆಂದು ಅವನಿಗೆ ನಂಬಿಕೆಯಾಗಲಿಲ್ಲ.

ಅವನು ಬಿಗಿದ. ಟಕ್ ಅನ್ನಲು ಈ ಸಲ ತೋಳಿನ ಪೂರ್ತಿ ಬಲ ಬೇಕಾಯಿತು, ಕೈ ಹೌದು ಎಂದಿತು. ಎರಡನೆಯದೂ ಹಾಗೇ. ಆಮೇಲೆ ಎಡಗಡೆಯ ಚಕ್ರವನ್ನೂ ಬಿಚ್ಚಿ ಆ ಎರಡಕ್ಕೂ ರೆಂಚು ಹಾಕಿ ಕೇಳಿದ. ಹಳದಿ ಬಣ್ಣದಲ್ಲಿ ಎಳೆದ ಗೆರೆ ಸೊಟ್ಟಗಾಯಿತು. ಅಳಿಸಲಿಲ್ಲ. ಎರಡೂ ಚಕ್ರಗಳನ್ನು ಮತ್ತೆ ಹಾಕಿ ಬಿಗಿದು, ಕೊನೆಗೆ ರೆಂಚಿನ ಹಿಡಿಯನ್ನು ಹಿಂದಕ್ಕೆ ತಿರುಗಿಸಿ, ಒಂಬತ್ತೂ ಸುತ್ತು ಎಣಿಸಿ, ರೆಂಚನ್ನು ಪೆಟ್ಟಿಗೆಯಲ್ಲಿ ಮಲಗಿಸಿದ.

ಅಕ್ಕ ಗಡ್ಡನ ಹೆಲ್ಮೆಟ್ಟನ್ನು ನೆಲದಿಂದ ಎತ್ತಿ, ಒಳಗೆ ಊದಿ, ಅವನ ಕೈಗೆ ಕೊಟ್ಟರು. "ಮೊದಲಿಂದ ಮೂರು ಸುತ್ತು," ಎಂದರು. "ಹಿಂದಿನ ಎರಡು ಲೆಕ್ಕಕ್ಕಿಲ್ಲ."

ಈ ಸಲ ಮೇಸ್ತ್ರಿ ಹೇಳಿಸಿಕೊಳ್ಳದೆ ಉಸಿರು ಬಿಟ್ಟ. ಮಗಳು ಬೆಲ್ಟು ಜಗ್ಗಿದಳು. ನಿಧಾನದ ಸುತ್ತಿನಲ್ಲಿ ಅವಳು ಎರಡು ಮೂರು ಸಲ ಬ್ರೇಕನ್ನು ಮೆಲ್ಲಗೆ ತಾಗಿಸಿ ನೋಡಿದಳು, ಇಬ್ಬರೂ ಕಿವಿಯಿಟ್ಟು ಕೇಳಿದರು. ಏನೂ ಇಲ್ಲ. ಮತ್ತೆ ಆ ನೇರ ದಾರಿ ಬಂತು. ಪೆಡಲು ನೆಲ ಮುಟ್ಟಿತು. ಟರ್ಬೊ ಉಸಿರೆಳೆದುಕೊಂಡಿತು, ಆರು ಸದ್ದು ಒಂದಾಯಿತು, ಆ ಸ್ವರ ಮತ್ತೆ ಎದೆಯ ಗೂಡಿಗೆ ಬಂದು ಕೂತಿತು. ದಾರಿಯ ತುದಿ ದೊಡ್ಡದಾಗುತ್ತ ಬಂತು. ಬ್ರೇಕಿನ ಹಲಗೆ ಕಾಣಿಸಿತು. ಅವನು ಕಣ್ಣು ಮುಚ್ಚಲಿಲ್ಲ.

ಗೇರಿನ ಮೇಲಿದ್ದ ಮಗಳ ಎಡಗೈ ಒಂದು ಗಳಿಗೆ ಅಲ್ಲಿಂದ ಎದ್ದಿತು. ಅವನ ತೊಡೆಯ ಮೇಲೆ ಬಂದು ಎರಡು ಸಲ ತಟ್ಟಿತು.

ಮೇಸ್ತ್ರಿಗೆ ಅರ್ಥವಾಯಿತು. ನಿಧಾನ ಮಾಡಲು ಅವನ ಕಾಲ ಕೆಳಗೆ ಯಾವ ಪೆಡಲೂ ಇರಲಿಲ್ಲ.

"ಒತ್ತು ಮಗಳೇ," ಎಂದ. ಕೂಗಲಿಲ್ಲ, ಮನೆಯಲ್ಲಿ ಹೇಳುವ ಹಾಗೆ ಹೇಳಿದ. ಕೇಳಿಸಿತೋ ಇಲ್ಲವೋ.

ಅವಳ ಕೈ ಗೇರಿಗೆ ಮರಳಿತು. ಹಲಗೆ ಹತ್ತಿರ ಬಂದಾಗ ಅವಳು ಬ್ರೇಕನ್ನು ಪೂರ್ತಿ ಒತ್ತಿದಳು. ಕೊಕ್ಕರೆ ತನ್ನ ಉದ್ದ ಮೂತಿಯನ್ನು ನೆಲದ ಕಡೆಗೆ ತಗ್ಗಿಸಿತು, ತಂದೆ ಮಗಳು ಇಬ್ಬರೂ ಒಟ್ಟಿಗೆ ಮುಂದಕ್ಕೆ ಬಾಗಿದರು, ಬೆಲ್ಟುಗಳು ಹಿಡಿದುಕೊಂಡವು.